ಅಂಚೂರಿನ ಒಬ್ಬಳೇ ಪ್ರಜೆ

ಮೂರನೆಯ ಫಾರಂ ಮಡಿಸುವಾಗ ಬೆಕ್ಕು ಸಿಕ್ಕಿತು.

ಫಾರಂ ಎಂಬ ಆ ದೊಡ್ಡ ಹಾಳೆಯ ಮೇಲೆ ಅರ್ಧದಷ್ಟು ಪುಟಗಳು ತಲೆಕೆಳಗಾಗಿಯೇ ಅಚ್ಚಾಗಿರುತ್ತವೆ. ಮೂರು ಸಲ ಮಡಿಸಿದ ಮೇಲಷ್ಟೇ ಹದಿನಾರು ಪುಟಗಳೂ ನೆಟ್ಟಗೆ ಸಾಲಾಗಿ ನಿಲ್ಲುವುದು. ಹಾಗಾಗಿ ಬೈಂಡರಮ್ಮ ಮೊದಲು ಕಂಡದ್ದು ಕಾಲು ಮೇಲೆ ಮಾಡಿಕೊಂಡ ಬೆಕ್ಕನ್ನು. ಹಾಳೆ ತಿರುಗಿಸಿದಳು. ಬೆಕ್ಕು ಕಟ್ಟಿಂಗ್ ಮಶೀನಿನ ಹಿಡಿಗೆ ಹಾರಿ ಜೋತುಬಿದ್ದಿತ್ತು. ಪಕ್ಕದ ಚೌಕದಲ್ಲಿ ಕತ್ತಿ ಇಳಿದಿತ್ತು. ಅದರಾಚೆಯ ಚೌಕದಲ್ಲಿ ಹೊಸ ರಿಜಿಸ್ಟರುಗಳ ಕಟ್ಟೊಂದು ಎರಡು ಬೆರಳು ಗಿಡ್ಡವಾಗಿ ಕೂತಿತ್ತು. ಅದರ ಮುಂದೆ ಒಬ್ಬ ಹುಡುಗ, ಒಬ್ಬಳು ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ, ‘ಅಂಚೂರಿನ ಚರಿತ್ರೆಯ ಅತಿ ದೊಡ್ಡ ಅನಾಹುತ ಮಾಡಿದ್ದು ಒಂದು ಬೆಕ್ಕು’ ಎಂದಿತ್ತು.

ಮಡಿಕೆ ತೀಡುವ ಮೂಳೆಪಟ್ಟಿ ಹಿಡಿದ ಕೈ ಅಲ್ಲೇ ನಿಂತಿತು. ಮೂವತ್ತೆಂಟು ವರ್ಷದಿಂದ ದಿನಕ್ಕೆ ಸಾವಿರ ಮಡಿಕೆ ಒತ್ತಿದ ಕೈ ಅದು, ಸುಮ್ಮಸುಮ್ಮನೆ ನಿಲ್ಲುವಂಥದ್ದಲ್ಲ. ಎದುರು ಕೂತು ಅಂಟು ಕಲೆಸುತ್ತಿದ್ದ ಹೆಂಗಸು, ಬೀದಿಯವರೆಲ್ಲ ಅಂಟಕ್ಕ ಎಂದೇ ಕರೆಯುವವಳು, ತಲೆ ಎತ್ತಿ ಫಾರಂ ತಪ್ಪಿದೆಯಾ ಎಂದು ಕೇಳಿದಳು.

"ಫಾರಂ ಸರಿಯಾಗೇ ಇದೆ," ಎಂದಳು ಬೈಂಡರಮ್ಮ. "ಕತೆ ತಪ್ಪಿದೆ."

ಬೈಂಡರು ಓದಬಾರದು ಎನ್ನುವುದು ಆ ಅಂಗಡಿಯಲ್ಲಿ ಅಪ್ಪ ಮಾಡಿಟ್ಟಿದ್ದ ಮೊದಲ ಕಾನೂನು. ಓದುತ್ತಾ ಕೂತವನ ಕೈ ತಪ್ಪುತ್ತದೆ, ಪುಟ ಹಿಂದುಮುಂದಾಗುತ್ತದೆ, ಮರ್ಯಾದೆ ಮಣ್ಣುಪಾಲಾಗುತ್ತದೆ. ಅಪ್ಪ ಹೋಗಿ ಹದಿನೇಳು ವರ್ಷವಾದರೂ ಅವಳು ಆ ಕಾನೂನು ಮುರಿದಿರಲಿಲ್ಲ. ಅವತ್ತು ಮುರಿದಳು. ಒಂಬತ್ತು ಫಾರಂಗಳನ್ನೂ ಒಂದೊಂದಾಗಿ ಉದ್ದನೆಯ ಮೇಜಿನ ಮೇಲೆ ಹರಡಿ, ಹಾಳೆಯ ಸುತ್ತ ತಾನೇ ಸುತ್ತು ಬಂದು, ತಲೆಕೆಳಗಾದ ಪುಟಕ್ಕೆ ಕತ್ತು ಸೊಟ್ಟ ಮಾಡಿಕೊಂಡು ಓದಿದಳು. ನೂರನಲವತ್ನಾಲ್ಕು ಪುಟ. ಹಿಂದಿನ ಕೋಣೆಯ ಕಿಟಕಿ ಸರಳು, ಅಂಟಿನ ಡಬ್ಬ, ಗೋಡೆಗೆ ಒರಗಿಸಿಟ್ಟ ರಟ್ಟುಗಳು, ತಗಡಿನ ಟ್ರಂಕು, ಒಂದೂ ಬಿಟ್ಟಿರಲಿಲ್ಲ. ಚಂದವಾಗಿಯೇ ಬರೆದಿದ್ದರು. ಚಂದವಾಗಿದ್ದದ್ದಕ್ಕೇ ಸಿಟ್ಟು ಇನ್ನಷ್ಟು ಏರಿತು. ಪುಟದಿಂದ ಪುಟಕ್ಕೆ ಮಕ್ಕಳು ಇಬ್ಬರೇ. ಟ್ರಂಕಿನ ಪಕ್ಕ, ಕಿಟಕಿಯ ಕೆಳಗೆ, ಅವಳು ಕೂರುತ್ತಿದ್ದ ಜಾಗದಲ್ಲಿ ಬೆಕ್ಕು ಕೂತಿತ್ತು. ಅದರ ಮುಂಗಾಲುಗಳ ನಡುವೆ ನೂಲಿನ ಉಂಡೆಯಿತ್ತು.

ಆ ಹುಡುಗ ಅವಳ ಅಣ್ಣ, ಆ ಹುಡುಗಿ ಅವಳ ಅಕ್ಕ. ಅಣ್ಣ ಕಾದಂಬರಿಕಾರ, ಅಕ್ಕ ಕವಯಿತ್ರಿ. ಇಬ್ಬರಿಗೂ ಪರಿಚಯ ಬೇಕಿಲ್ಲ ಎಂದು ಸಭೆಗಳಲ್ಲಿ ಹೇಳುತ್ತಾರೆ, ಹೇಳಿದ ಮೇಲೆ ಅರ್ಧ ಗಂಟೆ ಪರಿಚಯ ಮಾಡುತ್ತಾರೆ. ಒಂದೇ ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆಯಿಂದ ಇಬ್ಬರು ಸಾಹಿತಿಗಳು ಬಂದದ್ದು ಹೇಗೆ, ಚಿಕ್ಕಂದಿನಲ್ಲಿ ಅವರು ಕಟ್ಟಿಕೊಂಡಿದ್ದ ಅಂಚೂರು ಎಂಬ ರಾಜ್ಯ ಎಂಥದ್ದು, ಅದೇ ಈ ಚಿತ್ರಕಾದಂಬರಿ. ಸಾಮಾನ್ಯ ಪ್ರತಿಗಳನ್ನು ಬೇರೆ ಕಡೆ ಮಶೀನಿನಲ್ಲಿ ಮಾಡಿಸಿದ್ದರು. ಇನ್ನೂರು ವಿಶೇಷ ಪ್ರತಿಗಳನ್ನು ಮಾತ್ರ ಕೈಹೊಲಿಗೆಯಲ್ಲಿ ಮಾಡಬೇಕು, ನಂಬರು ಹಾಕಬೇಕು, ಅಣ್ಣ ಅಕ್ಕ ಸಹಿ ಮಾಡುತ್ತಾರೆ. ಅದು ಅಪ್ಪನ ಅಂಗಡಿಯಲ್ಲೇ ಆಗಲಿ ಎಂದು ಅಣ್ಣ ದಾನ ಕೊಟ್ಟವನ ದನಿಯಲ್ಲಿ ಫೋನು ಮಾಡಿದ್ದ. ಪೆದ್ದು, ಅವಳು ಮೂರು ದಿನ ಹಿಗ್ಗಿ ಹೀರೇಕಾಯಿಯಾಗಿದ್ದಳು. ನಮ್ಮ ಕತೆ ಪುಸ್ತಕವಾಗುತ್ತಿದೆ ಎಂದು ಅಂಟಕ್ಕನಿಗೆ ಎರಡೆರಡು ಸಲ ಹೇಳಿದ್ದಳು.

ಅಂಚೂರು ಹುಟ್ಟಿದ್ದು ಕಾಗದದ ಅಂಚಿನಿಂದ. ಮಶೀನು ಕತ್ತರಿಸಿ ಬೀಳಿಸಿದ ಅಂಚುಗಳನ್ನು ನೆಲದ ಮೇಲೆ ಜೋಡಿಸಿ ಅಣ್ಣ ರಾಜ್ಯದ ಗಡಿ ಮಾಡಿದ. ಅಣ್ಣನೇ ದೊರೆ, ಅಕ್ಕ ಮಂತ್ರಿ. ರಾಜ್ಯ ಎಂದ ಮೇಲೆ ಪ್ರಜೆ ಬೇಡವೇ? ಕೊನೆಯವಳು ಪ್ರಜೆಯಾದಳು. ಇಡೀ ರಾಜ್ಯಕ್ಕೆ ಅವಳೊಬ್ಬಳೇ ಪ್ರಜೆ. ಬಂಡಾಯ ಏಳಬೇಕಾದರೂ ಅವಳೇ, ಸೋತು ಕಾಲಿಗೆ ಬೀಳಬೇಕಾದರೂ ಅವಳೇ, ದೊರೆಗೆ ಬಾಯಾರಿದರೆ ನೀರು ತರುವುದೂ ಅವಳೇ. ಪ್ರತಿ ಭಾನುವಾರ ಒಂದು ರಾಜಪತ್ರ ಹೊರಡುತ್ತಿತ್ತು, ಬೆಂಕಿಪೊಟ್ಟಣದಷ್ಟು ದೊಡ್ಡದು. ಬರೆಯುವುದು ದೊರೆ ಮತ್ತು ಮಂತ್ರಿ. ಕಾಗದ ಕತ್ತರಿಸಿ, ಮಡಿಸಿ, ದಬ್ಬಳ ಹಾಕಿ ಹೊಲಿದುಕೊಡುವುದು ಪ್ರಜೆ. ಅದಕ್ಕೇ ಅಣ್ಣ ಅವಳಿಗೆ ಸೂಜಿ ಎಂದು ಹೆಸರಿಟ್ಟ. ರಾಜ್ಯದಲ್ಲಿ ಇದ್ದ ಕಾನೂನು ಒಂದೇ: ರಾಜಪತ್ರದಲ್ಲಿ ಬಂದದ್ದು ನಡೆದದ್ದು, ಬಾರದ್ದು ನಡೆಯದ್ದು.

ಅಣ್ಣನಿಗೆ ಹದಿಮೂರು, ಅಕ್ಕನಿಗೆ ಹನ್ನೊಂದು, ಅವಳಿಗೆ ಒಂಬತ್ತು. ಅಪ್ಪ ಇಲ್ಲದ ಒಂದು ಮಧ್ಯಾಹ್ನ ರಾಜಪತ್ರದ ಅಂಚು ಅಂಗಡಿ ಪುಸ್ತಕದ ಹಾಗೆ ನುಣ್ಣಗೆ ಇರಬೇಕೆಂದು ದೊರೆಗೆ ಆಸೆ ಬಂತು. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಅಪ್ಪ ಹೇಳಿಟ್ಟಿದ್ದ ಮಶೀನಿನ ಹತ್ತಿರ ಹೋದ. ಕತ್ತಿಯ ಕೆಳಗೆ ಒಂದು ಶಾಲೆಗೆ ಕೊಡಬೇಕಾದ ಹಾಜರಿ ರಿಜಿಸ್ಟರುಗಳ ಕಟ್ಟಿತ್ತು. ಅದನ್ನು ತೆಗೆಯದೆ, ಅದರ ಮೇಲೇ ರಾಜಪತ್ರ ಇಟ್ಟು, ಎರಡು ಕೈಯಲ್ಲೂ ಹಿಡಿ ಎಳೆದ. ರಿಜಿಸ್ಟರುಗಳಲ್ಲಿ ಹೆಸರು ಬರೆಯುವ ಕಡೆ ಎರಡು ಬೆರಳಗಲ ಕಾಗದ ಹೋಯಿತು. ಮೂವರೂ ನಿಂತು ನೋಡಿದರು.

ಅಪ್ಪ ಬರುವುದಕ್ಕೆ ಒಂದು ಗಂಟೆ ಇತ್ತು. ಆ ಒಂದು ಗಂಟೆಯಲ್ಲಿ ದೊರೆ ವಿಶೇಷ ಸಂಚಿಕೆ ಹೊರಡಿಸಿದ: ಪ್ರಜೆ ಯಂತ್ರ ಮುಟ್ಟಿ ರಾಜ್ಯಕ್ಕೆ ನಷ್ಟ ಮಾಡಿದ್ದಾಳೆ, ದೊರೆ ಅವಳನ್ನು ಕ್ಷಮಿಸಿದ್ದಾರೆ. ಬರೆದು, ಹೊಲಿದುಕೊಡು ಎಂದು ಅವಳ ಕೈಗೇ ಕೊಟ್ಟ. ಅವಳು ಹೊಲಿದಳು. ಇವತ್ತಿಗೂ ಅವಳ ಹೊಟ್ಟೆ ಉರಿಯುವುದು ಇದಕ್ಕೇ, ಸುಳ್ಳು ಬರೆದದ್ದಕ್ಕಲ್ಲ. ಅದನ್ನು ಅಷ್ಟು ಅಚ್ಚುಕಟ್ಟಾಗಿ ತಾನೇ ಹೊಲಿದುಕೊಟ್ಟದ್ದಕ್ಕೆ. ಜನ್ಮದಲ್ಲಿ ಒಂದು ಪುಟ ಓದದ ಅಪ್ಪ ಅವತ್ತು ಮೇಜಿನ ಮೇಲೆ ಬಿದ್ದಿದ್ದ ಆ ರಾಜಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದ. ನಾನಲ್ಲ, ನಾನಲ್ಲ ಎಂದು ಅವಳು ಅತ್ತರೆ, ಬರೆದಿದೆಯಲ್ಲ ಎಂದ. ಅಕ್ಕನನ್ನು ಕರೆದು, ನೀನು ಹೇಳು ಯಾರು ಎಂದ. ಅಕ್ಕ ನೆಲ ನೋಡಿದಳು. ಸ್ಕೇಲಿನ ಏಟು ಬಿದ್ದದ್ದು ಸೂಜಿ ಹಿಡಿಯುವ ಕೈಗೆ. ಒಂಬತ್ತು ವರ್ಷದ ಹುಡುಗಿಗೆ ಆ ಹಿಡಿ ಎಟುಕುತ್ತಲೇ ಇರಲಿಲ್ಲ, ಅವಳ ತಲೆಗಿಂತ ಒಂದು ಮೊಳ ಮೇಲಿತ್ತು. ಅದನ್ನು ಯಾರೂ ಅಳೆದು ನೋಡಲಿಲ್ಲ.

ಏಳನೆಯ ಕ್ಲಾಸು ಮುಗಿದಾಗ ಅಪ್ಪ ಅವಳ ಓದು ನಿಲ್ಲಿಸಿದ. ಮೂವರನ್ನು ಓದಿಸಲು ಆಗುವುದಿಲ್ಲ, ನಿನಗೆ ಹೇಗೂ ಮಶೀನಿನ ಮೇಲೆ ಅಷ್ಟು ಆಸೆಯಿತ್ತಲ್ಲ, ಅಂಗಡಿಗೆ ಬಾ ಎಂದ. ತಮಾಷೆಗೆ ಹೇಳಿದ ಮಾತು, ತಮಾಷೆಯಾಗಿ ಉಳಿಯಲಿಲ್ಲ. ಅವಳಿಗೆ ಕೆಲಸದ ಮೇಲೆ ಬೇಜಾರಿಲ್ಲ. ಅವಳು ಹೊಲಿದ ಪುಸ್ತಕ ಮೂರು ತಲೆಮಾರು ಬಿಚ್ಚುವುದಿಲ್ಲ ಎಂದು ಪ್ರೆಸ್ಸಿನವರೇ ಹೇಳುತ್ತಾರೆ. ಆದರೆ ತಾನು ಆರಿಸಿಕೊಂಡು ಬಂದೆನೋ, ತಳ್ಳಿಸಿಕೊಂಡು ಬಂದೆನೋ ಎನ್ನುವುದು ಒಬ್ಬರಿಗೆ ಗೊತ್ತಿರಬೇಕಲ್ಲ, ಒಬ್ಬರಿಗಾದರೂ.

ಎರಡು ದಿನ ಬಿಟ್ಟು ಚಿತ್ರಗಾರ್ತಿ ಬಂದಳು. ಇಪ್ಪತ್ತೆಂಟು ಮೂವತ್ತರ ಹುಡುಗಿ, ಬೆರಳ ತುದಿಯಲ್ಲಿ ಶಾಯಿ ಕಲೆ. ಕೈಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬವಿತ್ತು. ಅದರೊಳಗೆ ನಲವತ್ತಮೂರು ರಾಜಪತ್ರಗಳು. ಬಿಡುಗಡೆಯ ದಿನ ಅವುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ, ಸ್ಕ್ಯಾನು ಮಾಡುವಾಗ ಕೆಲವುಗಳ ಹೊಲಿಗೆ ಸಡಿಲವಾಗಿದೆ, ಸರಿ ಮಾಡಿಕೊಡಬೇಕಂತೆ. ಬೈಂಡರಮ್ಮ ಡಬ್ಬ ತೆಗೆದು ನೋಡಿದಳು. ನಲವತ್ತೆರಡು ವರ್ಷದ ನೂಲು, ಅವಳ ಗಂಟು.

ಈ ಬೆಕ್ಕು ಎಲ್ಲಿಂದ ಬಂತು ಎಂದು ಕೇಳಿದಳು. ಹುಡುಗಿ ಖುಷಿಯಿಂದ ಹೇಳಿದಳು: ಓದಿದವರೆಲ್ಲ ಬೆಕ್ಕನ್ನೇ ಮೆಚ್ಚುತ್ತಿದ್ದಾರೆ, ಅಣ್ಣನವರು ಎಲ್ಲ ಭಾಷಣದಲ್ಲೂ ಆ ಬೆಕ್ಕಿನ ಕತೆ ಹೇಳುತ್ತಾರಲ್ಲ, ರಾಜಪತ್ರದಲ್ಲಿ ಪ್ರಜೆ ಎಂದಿರುವುದೂ ಆ ಬೆಕ್ಕನ್ನೇ ಅಂತೆ.

"ಮನೇಲಿ ಇನ್ನೊಬ್ಬಳು ಇದ್ದಳು ಅಂತ ಹೇಳಲಿಲ್ವಾ?"

"ಹೇಳಿದ್ರು ಮೇಡಂ, ನೀವು ಆಗ ತೊಟ್ಟಿಲಲ್ಲಿ ಇದ್ರಂತಲ್ಲ." ಹುಡುಗಿ ಬೈಂಡರಮ್ಮನ ಮುಖ ನೋಡಿದಳು, ನಗು ನಿಂತಿತು. "ನಾನೂ ಹುಡುಕಿದೆ. ನಲವತ್ತಮೂರರಲ್ಲೂ ಕೈಬರಹ ಎರಡೇ ಇತ್ತು. ಮೂರನೇದು ಎಲ್ಲೂ ಸಿಗಲಿಲ್ಲ."

ತೊಟ್ಟಿಲಲ್ಲಿ! ಅಕ್ಕನಿಗಿಂತ ಎರಡೇ ವರ್ಷಕ್ಕೆ ಚಿಕ್ಕವಳು ತೊಟ್ಟಿಲಲ್ಲಿ ಇದ್ದಳಂತೆ. ಹುಡುಗಿಯ ಮೇಲೆ ರೇಗಿ ಪ್ರಯೋಜನವಿರಲಿಲ್ಲ, ಕೇಳಿದ್ದನ್ನು, ಕಂಡದ್ದನ್ನು ಬರೆದಿದ್ದಳು. ಬೈಂಡರಮ್ಮ ಡಬ್ಬ ಇಟ್ಟುಕೊಂಡು, ಹೊಲಿಗೆ ಸರಿ ಮಾಡಿಡುತ್ತೇನೆ ಎಂದಷ್ಟೇ ಹೇಳಿ ಕಳಿಸಿದಳು. ಅವಳು ಹೋದ ಮೇಲೆ ಒಂದು ರಾಜಪತ್ರ ತೆಗೆದು ಒಂದು ಎಲೆಯನ್ನು ಎರಡು ಬೆರಳ ನಡುವೆ ಉಜ್ಜಿದಳು. ದಪ್ಪವಾಗಿತ್ತು. ಒಳಗಿನದು ಹಾಗೇ ಇತ್ತು.

ಮೂರನೆಯ ಕೈಬರಹ ಹೊರಗೆ ಸಿಗುವುದು ಸಾಧ್ಯವೂ ಇರಲಿಲ್ಲ. ರಾಜಪತ್ರದ ಕಾಗದವೆಲ್ಲ ತಪ್ಪು ಅಚ್ಚಾಗಿ ಬಿಸಾಕಿದ ಹಾಜರಿ ಪಟ್ಟಿಗಳು, ಒಂದು ಮಗ್ಗುಲಲ್ಲಿ ಗೆರೆ, ಒಂದು ಮಗ್ಗುಲು ಖಾಲಿ. ಗೆರೆಯಿದ್ದ ಮಗ್ಗುಲು ಒಳಗೆ ಹೋಗುವ ಹಾಗೆ ಮಡಿಸಿ, ತೆರೆದ ತುದಿಗಳನ್ನು ಬೆನ್ನಿನ ಕಡೆ ಹೊಲಿದು, ದೂಳು ಹೋಗದಿರಲೆಂದು ಮೇಲೂ ಕೆಳಗೂ ಒಂದೊಂದು ಗೆರೆ ಅಂಟು ಎಳೆಯುತ್ತಿದ್ದಳು. ಪ್ರತಿ ಎಲೆಯೂ ಮುಚ್ಚಿದ ಲಕೋಟೆ. ನೀನು ಚಿಕ್ಕವಳು, ನಿನಗೆ ಬರೆಯಲು ಬರುವುದಿಲ್ಲ ಎಂದು ದೊರೆ ಹೇಳಿದ ದಿನದಿಂದ ಅವಳು ಮಡಿಸುವ ಮೊದಲು ಆ ಗೆರೆಗಳ ಮೇಲೆ ಪೆನ್ಸಿಲಿನಲ್ಲಿ ತನ್ನದೊಂದು ರಾಜಪತ್ರ ಬರೆದು ಒಳಗೆ ಹಾಕುತ್ತಿದ್ದಳು. ದೊರೆ ಮಂತ್ರಿ ಅದರ ಹೊರಗಿನ ಖಾಲಿ ಮಗ್ಗುಲಲ್ಲಿ ಬರೆಯುತ್ತಿದ್ದರು. ವಿಶೇಷ ಸಂಚಿಕೆಗೆ ಮಾತ್ರ ಕಾಗದವನ್ನು ದೊರೆಯೇ ಕತ್ತರಿಸಿ ಮೊದಲು ಬರೆದಿದ್ದ. ಅವಳು ಹೊಲಿಯಲು ಕೂತಾಗ ಗೆರೆಯ ಮಗ್ಗುಲಲ್ಲಿ ಬರೆದು ಮಡಿಸಿದ್ದಳು. ಏನು ಬರೆದಿದ್ದೆ ಎಂಬುದು ಪೂರ್ತಿ ನೆನಪಿರಲಿಲ್ಲ. ಅಣ್ಣ ಪ್ರತಿ ಭಾನುವಾರ ರಾಜಪತ್ರದ ಎಲೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಎಳೆದು, ನಮ್ಮ ರಾಜ್ಯದ ಕಾಗದ ಗಟ್ಟಿ ಎನ್ನುತ್ತಿದ್ದ.

ಮುಂದಿನ ವಾರ ಅಣ್ಣ ಅಕ್ಕ ಇಬ್ಬರೂ ಫೋಟೋ ತೆಗೆಸಲು ಅಂಗಡಿಗೆ ಬಂದರು. ಹುಟ್ಟಿದ ಜಾಗದಲ್ಲಿ ಸಾಹಿತಿಗಳು ಎಂದು ಒಂದು ಪತ್ರಿಕೆಯವರಿಗೆ ಬೇಕಿತ್ತಂತೆ. ಅಣ್ಣ ಮಶೀನಿಗೆ ಒರಗಿ ನಿಂತ, ಅಕ್ಕ ರಟ್ಟಿನ ರಾಶಿಯ ಮೇಲೆ ಕೂತಳು. ಫೋಟೋದವನು ಅಂಟಕ್ಕನನ್ನು ಸ್ವಲ್ಪ ಸರಿಯಿರಿ ಎಂದ, ಬೈಂಡರಮ್ಮನನ್ನೂ ಸರಿಯಿರಿ ಎಂದ. ಸರಿದಳು. ಅವನು ಹೋದ ಮೇಲೆ ಬಾಗಿಲ ಪಕ್ಕದಿಂದ ಬಂದು, ಮಶೀನಿನ ಹಿಡಿಯ ಮೇಲೆ ಕೈ ಇಟ್ಟಳು. ಆ ಹಿಡಿ ಈಗಲೂ ಅವಳ ತಲೆಗಿಂತ ಎತ್ತರದಲ್ಲಿತ್ತು.

"ಇದಕ್ಕೆ ಬೆಕ್ಕು ಎಟುಕುತ್ತಾ?" ಎಂದು ಕೇಳಿದಳು. "ನೇತಾಡಿದ್ರೂ ಇದು ಇಳಿಯುತ್ತಾ? ಆ ಪುಟ ತೆಗೆಸು."

ಅಣ್ಣನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ, ಅಥವಾ ಆಗದವನ ಹಾಗೆ ಇದ್ದ. ಆಮೇಲೆ ನಕ್ಕ. ಸಭೆಗಳಲ್ಲಿ ಪ್ರಶ್ನೆ ಕೇಳಿದವರಿಗೆ ನಗುವ ನಗು.

"ಲೇ ಸೂಜಿ, ನಿನ್ನ ಮರ್ಯಾದೆ ಉಳಿಸೋಕೇ ಕಣೇ ಬೆಕ್ಕು ತಂದದ್ದು. ಇಲ್ದಿದ್ರೆ ನೀನು ಮಾಡಿದ್ದು ಅಂತ ಬರೀಬೇಕಿತ್ತು. ಸಾವಿರಾರು ಮನೇಲಿ ಓದ್ತಿದ್ರು."

ಬೈಂಡರಮ್ಮ ಹಿಡಿಯಿಂದ ಕೈ ತೆಗೆದಳು. ಅವನ ಮುಖ ನೋಡಿದಳು, ಅದರಲ್ಲಿ ಕಳ್ಳತನವಿರಲಿಲ್ಲ. ಅದೇ ಹೆಚ್ಚು ಅಸಹ್ಯ. ಹೇಳಿ ಹೇಳಿ, ಬರೆದು ಬರೆದು, ತಾನು ಹೇಳಿದ್ದನ್ನು ತಾನೇ ನಂಬಿದ ಮುಖ ಅದು. ಎಳೆದದ್ದು ನೀನು ಎಂದಳು. ಎರಡು ಕೈಯಲ್ಲಿ ಎಳೆದೆ, ಆಮೇಲೆ ನಾನೇ ನೀರು ತಂದುಕೊಟ್ಟೆ ಎಂದಳು. ಅವನು ತಲೆಯಾಡಿಸಿದ. ನಲವತ್ತು ವರ್ಷದ ಹಿಂದಿನದು ಯಾರಿಗೆ ಸರಿಯಾಗಿ ನೆನಪಿರುತ್ತದೆ, ರಾಜಪತ್ರದಲ್ಲಿ ಬೇರೆಯೇ ಇದೆಯಲ್ಲ, ಅದನ್ನು ಹೊಲಿದವಳು ನೀನೇ ಅಲ್ಲವಾ ಎಂದ. ತಮಾಷೆಯಾಗಿಯೇ ಹೇಳಿದ.

ಬೈಂಡರಮ್ಮ ಅಕ್ಕನ ಕಡೆ ತಿರುಗಿದಳು. ಅಕ್ಕ ರಟ್ಟಿನ ಮೇಲಿಂದ ಎದ್ದು ಸೀರೆಗೆ ಹತ್ತಿದ ದೂಳು ಕೊಡವುತ್ತಿದ್ದಳು. ಸುಳ್ಳನ್ನು ಸುಡುವ ಬೆಂಕಿ ಎಂದು ಅವಳ ಕವಿತೆಗಳಿಗೆ ಹಿನ್ನುಡಿ ಬರೆದವರು ಹೇಳಿದ್ದಾರೆ. ಆ ಬೆಂಕಿ ನೆಲ ನೋಡುತ್ತಿತ್ತು, ಅವತ್ತು ನೋಡಿದ ಅದೇ ನೆಲವನ್ನು.

"ನೀನು ಹೇಳೇ," ಎಂದಳು ಬೈಂಡರಮ್ಮ.

"ಬಿಡೇ, ಹಳೇದು," ಎಂದಳು ಅಕ್ಕ. "ಅಚ್ಚಾಗಿಬಿಟ್ಟಿದೆ."

ಅಣ್ಣ ಸಮಾಧಾನ ಮಾಡುವ ದನಿ ತೆಗೆದ. ಪುಸ್ತಕದ ಕೊನೆಯಲ್ಲಿ ಕೈಹೊಲಿಗೆ ಯಾರದೆಂದು ಹಾಕಿದ್ದೇವೆ, ಅಷ್ಟು ಸಾಲದೇ, ಇದು ಬರೆದವರ ಕತೆ ಎಂದ. ಡಬ್ಬ ಮೇಜಿನ ಮೇಲೆಯೇ ಇತ್ತು. ಅದನ್ನು ಬೆರಳಿನಿಂದ ತಟ್ಟಿದ.

"ನೀನು ಬರೆದದ್ದು ಇದರಲ್ಲಿ ಒಂದು ಸಾಲು ತೋರಿಸು ನೋಡೋಣ. ಮುಂದಿನ ಮುದ್ರಣದಲ್ಲಿ ನಾನೇ ಹಾಕಿಸ್ತೀನಿ."

ಕಾಗದ ಸೀಳುವ ಚೂರಿ ಅವಳ ಕೈಗೆ ಒಂದು ಗೇಣು ದೂರದಲ್ಲಿತ್ತು. ಕೈ ಅಲ್ಲಿಯವರೆಗೆ ಹೋಯಿತು ಕೂಡ. ಎಲೆಯೊಂದನ್ನು ಸೀಳಿ ಒಳಗಿನ ಬರಹವನ್ನು ಅವನ ಮುಖಕ್ಕೆ ಹಿಡಿಯಬೇಕೆನಿಸಿತು. ಆದರೆ ಅಣ್ಣನನ್ನು ಅವಳು ಹುಟ್ಟಿದಾಗಿನಿಂದ ಬಲ್ಲಳು. ಓದಿ ಮೊದಲು ಬೆಚ್ಚುತ್ತಾನೆ, ಆಮೇಲೆ ಅದ್ಭುತವಾಗಿದೆ ಎನ್ನುತ್ತಾನೆ, ಅದ್ಭುತ ಎಂದದ್ದನ್ನು ಅವನು ಜೇಬಿಗೆ ಹಾಕಿಕೊಳ್ಳದೆ ಬಿಟ್ಟದ್ದಿಲ್ಲ. ನಾಳೆಗೆ ಎರಡನೆಯ ಭಾಗ, ಅದಕ್ಕೊಂದು ಮುನ್ನುಡಿ, ಅದಕ್ಕೊಂದು ಭಾಷಣ. ಚೂರಿಯನ್ನು ಅದರ ಜಾಗಕ್ಕೆ ಸರಿಸಿಟ್ಟಳು. ಇನ್ನೂರು ಪ್ರತಿ ಹೇಳಿದ ದಿನಕ್ಕೆ ತಯಾರಾಗುತ್ತದೆ ಎಂದಳು. ಅಣ್ಣ ಅವಳ ಬೆನ್ನು ತಟ್ಟಿ ಹೋದ. ಬಾಗಿಲಲ್ಲಿ ಅಕ್ಕ ಒಮ್ಮೆ ನಿಂತು, ಅವನ ಹಿಂದೆಯೇ ಹೋದಳು.

"ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ್ರೆ ಊರವರ ಕಣ್ಣೂ ಮುಚ್ಚಿರುತ್ತಾ?" ಎಂದಳು ಅಂಟಕ್ಕ, ಬೀದಿಗೆ ಕೇಳುವ ಹಾಗೆಯೇ.

ಮಾರನೆಯ ಬೆಳಿಗ್ಗೆ ಬೈಂಡರಮ್ಮ ಅಂಗಡಿಯ ಅರ್ಧ ಬಾಗಿಲು ಹಾಕಿ ಡಬ್ಬ ತೆಗೆದಳು. ಮೂರು ಬೆಳಗು ಹಿಡಿಯಿತು. ಒಂದೊಂದೇ ಎಲೆಯ ಮಡಿಕೆಗೆ ಚೂರಿ ಹಾಕಿ, ಉಸಿರು ಬಿಗಿಹಿಡಿದು ಸೀಳಿದಳು. ಹಾಜರಿ ಪಟ್ಟಿಯ ಗೆರೆಗಳ ಮೇಲೆ ಒಂಬತ್ತು ವರ್ಷದ ಗುಂಡಗುಂಡನೆ ಅಕ್ಷರ, ಪೆನ್ಸಿಲು ಮಾಸಿರಲಿಲ್ಲ. ಬೆಳಕನ್ನೇ ಕಾಣದ್ದು ಮಾಸುವುದಾದರೂ ಹೇಗೆ? ಹೊರಗೆ ದೊರೆ ಯುದ್ಧ ಗೆದ್ದಿದ್ದ ಎಲೆಯ ಒಳಗೆ, ‘ಇವತ್ತು ಯುದ್ಧ. ಎರಡು ಕಡೆಯ ಸೈನ್ಯವೂ ನಾನೇ. ಮೊಣಕಾಲು ತರಚಿದೆ.’ ಹೊರಗೆ ಮಂತ್ರಿ ಚಂದ್ರನ ಮೇಲೆ ಪದ್ಯ ಬರೆದಿದ್ದ ಎಲೆಯ ಒಳಗೆ, ‘ಮಂತ್ರಿಯ ಪದ್ಯ ಚೆನ್ನಾಗಿದೆ. ನನ್ನದೂ ಒಂದು ಇದೆ, ಆದರೆ ಪ್ರಜೆ ಪದ್ಯ ಬರೆದರೆ ದಂಡ.’ ಒಂದು ಕಡೆ ಅಂಚೂರಿನ ಕೆಳಗೆ ಇನ್ನೊಂದು ಊರಿದೆ, ಅಲ್ಲಿ ದೊರೆ ಇಲ್ಲ, ಅಲ್ಲಿಗೆ ಹೋಗುವ ದಾರಿ ಸೂಜಿಯ ಕಣ್ಣಿನಷ್ಟು ಎಂದು ನಕ್ಷೆ ಸಮೇತ ಬರೆದಿತ್ತು. ಓದುತ್ತಾ ಅವಳಿಗೆ ನಗು ಬಂತು, ನಗುತ್ತಿದ್ದ ಹಾಗೇ ಕಣ್ಣಲ್ಲಿ ನೀರು ಬಂತು, ನೀರಿನ ಹಿಂದೆಯೇ ಮತ್ತೆ ಸಿಟ್ಟು ಬಂತು. ಇಷ್ಟು ಚೆನ್ನಾಗಿ ಬರೆಯುತ್ತಿದ್ದಳಲ್ಲ, ಆ ಹುಡುಗಿ!

ವಿಶೇಷ ಸಂಚಿಕೆಯನ್ನು ಕೊನೆಗೆ ಇಟ್ಟುಕೊಂಡಿದ್ದಳು. ಅದರ ಎಲೆಗಳಲ್ಲಿ ಒಂದರೊಳಗೆ ಮಾತ್ರ ಬರಹವಿತ್ತು, ಮೂರು ಸಾಲು. ‘ಯಂತ್ರ ಎಳೆದದ್ದು ದೊರೆ. ಪ್ರಜೆಗೆ ಹಿಡಿ ಎಟುಕುವುದಿಲ್ಲ. ಮಂತ್ರಿಗೆ ಎಲ್ಲ ಗೊತ್ತು.’

ಅವಳು ಅದನ್ನು ಎರಡು ಸಲ ಓದಿ, ಮಡಿಸಿ, ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಮತ್ತೆ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಪುಸ್ತಕದ ಕಾಗದದ್ದೇ ಇನ್ನೂರು ತುಂಡು ಕತ್ತರಿಸಿದಳು, ಒಂದೊಂದೂ ಎರಡು ಪುಟದ ಅಗಲ. ಒಂದೊಂದರ ಮೇಲೂ ಒಳಗಿನ ರಾಜಪತ್ರದ ಒಂದೊಂದು ಎಲೆಯನ್ನು ಕೈಯಲ್ಲೇ ನಕಲು ಮಾಡಿದಳು, ಆ ಹುಡುಗಿಯ ತಪ್ಪುಗಳನ್ನೂ ತಿದ್ದದೆ. ಬರೆದದ್ದು ಒಳಗೆ ಹೋಗುವ ಹಾಗೆ ಮಡಿಸಿ, ಮೇಲೂ ಕೆಳಗೂ ಒಂದು ಗೆರೆ ಅಂಟು ಎಳೆದು, ಒಂಬತ್ತನೆಯ ಫಾರಮಿನ ಕೊನೆಗೆ ಸೇರಿಸಿ ಹೊಲಿದಳು. ಮುಚ್ಚಿದ ಎಲೆ, ಹೊರಗೆ ಎರಡೂ ಕಡೆ ಖಾಲಿ. ಪುಸ್ತಕದ ಕೊನೆಯಲ್ಲಿ ಖಾಲಿ ಎಲೆ ಇರುವುದು ಯಾರಿಗೂ ವಿಶೇಷವಲ್ಲ. ಪ್ರಕಾಶಕರು ಲೆಕ್ಕ ಹಾಕಿದ್ದರೆ ಒಂದು ಎಲೆ ಹೆಚ್ಚು ಕಾಣುತ್ತಿತ್ತು, ಅವರು ಹಾಕುವವರಲ್ಲ. ಒಂದನೆಯ ಪ್ರತಿ ಅಣ್ಣನಿಗೆ, ಎರಡನೆಯದು ಅಕ್ಕನಿಗೆ ಎಂದು ಮೊದಲೇ ಹೇಳಿದ್ದರು. ಆ ಎರಡರಲ್ಲೂ ಅವಳು ಆ ಮೂರು ಸಾಲನ್ನೇ ಬರೆದಳು.

ಈ ಹೆಚ್ಚಿನ ಎಲೆ ಯಾತಕ್ಕೆ ಎಂದು ಅಂಟಕ್ಕ ಕೇಳಿದಳು. ಅಂಚೂರಿನ ಜನಗಣತಿಯಲ್ಲಿ ಒಬ್ಬಳು ಬಿಟ್ಟುಹೋಗಿದ್ದಳು ಎಂದಳು ಬೈಂಡರಮ್ಮ. ಅಂಟಕ್ಕನಿಗೆ ಅಷ್ಟೇ ಸಾಕಾಯಿತು. ಅವಳು ಬ್ರಷ್ಷು ಅದ್ದಿ ಇನ್ನೂರು ಸಲ ಎಳೆದಳು, ಒಂದು ಹನಿಯೂ ಹೊರಗೆ ಬಾರದ ಹಾಗೆ. ಹಳೆಯ ರಾಜಪತ್ರಗಳ ಸೀಳಿದ ಮಡಿಕೆಗಳಿಗೆ ಬೈಂಡರಮ್ಮ ಈರುಳ್ಳಿ ಸಿಪ್ಪೆಯಂಥ ತೆಳುಕಾಗದ ಹಚ್ಚಿ ಮೊದಲಿನ ಹಾಗೇ ಮುಚ್ಚಿ, ಹೊಸ ನೂಲಿನಲ್ಲಿ ಹಳೆಯ ಗಂಟು ಹಾಕಿ ಡಬ್ಬಕ್ಕೆ ತುಂಬಿದಳು. ಸೀಳಿದ್ದು ಎಲ್ಲಿ ಎಂದು ಆಮೇಲೆ ಅವಳೇ ಹುಡುಕಬೇಕಾಯಿತು.

ಬಿಡುಗಡೆ ಒಂದು ಭಾನುವಾರ ಬೆಳಿಗ್ಗೆ ಇತ್ತು. ಸಭಾಂಗಣದ ಬಾಗಿಲಲ್ಲಿ ಗಾಜಿನ ಪೆಟ್ಟಿಗೆ, ಅದರೊಳಗೆ ನಲವತ್ತಮೂರು ರಾಜಪತ್ರ. ಜನ ಬಗ್ಗಿ ನೋಡಿ, ಎಷ್ಟು ಪುಟ್ಟದು, ಎಷ್ಟು ಮುದ್ದು ಎನ್ನುತ್ತಿದ್ದರು. ಗೋಡೆಯ ಮೇಲೆ ಆಳೆತ್ತರದ ಬೆಕ್ಕಿನ ಚಿತ್ರ ತೂಗುಹಾಕಿದ್ದರು. ಬೈಂಡರಮ್ಮ, ಅಂಟಕ್ಕ ಎರಡನೆಯ ಸಾಲಿನ ತುದಿಯಲ್ಲಿ ಕೂತರು. ಚಿತ್ರಗಾರ್ತಿ ದೂರದಿಂದ ಕೈ ಎತ್ತಿದಳು.

ವೇದಿಕೆಯ ಮೇಲೆ ಅಣ್ಣನ ಕೈಗೆ ಒಂದನೆಯ ಪ್ರತಿ ಕೊಟ್ಟರು. ಅವನು ಅದನ್ನು ಹೆಬ್ಬೆರಳಿನಿಂದ ಸರ್ರನೆ ಎಳೆದ, ಮೊದಲಿನಿಂದ ಕೊನೆಯವರೆಗೆ, ಕೊನೆಯ ಎಲೆಯೂ ಸೇರಿ. ಮೈಕಿನ ಹತ್ತಿರ ಬಗ್ಗಿ, ನಮ್ಮ ತಂಗಿಯ ಕೈಕೆಲಸ ಇದು, ಕಾಗದ ಎಷ್ಟು ಗಟ್ಟಿಯಾಗಿದೆ ನೋಡಿ ಎಂದ. ಜನ ಚಪ್ಪಾಳೆ ತಟ್ಟಿದರು. ಬೈಂಡರಮ್ಮನ ಕೈ ತೊಡೆಯ ಮೇಲೆ ಮುಷ್ಟಿಯಾಗಿ ಕೂತಿತ್ತು.

ಅಕ್ಕನಿಗೆ ಎರಡನೆಯ ಪ್ರತಿ ಕೊಟ್ಟರು. ಅಕ್ಕ ಕುರ್ಚಿಯಲ್ಲಿ ಕೂತು ಅದನ್ನು ಹಿಂದಿನಿಂದ ತೆರೆದಳು. ಕೊನೆಯ ಎಲೆ ತಿರುವಿ ಹಾಕಲು ಹೋದವಳು ನಿಂತಳು. ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿದಳು. ಎಷ್ಟೆಂದರೂ ಬೈಂಡರನ ಮಗಳು, ಒಂದು ಹಾಳೆಯ ದಪ್ಪ ಯಾವುದು, ಎರಡು ಹಾಳೆಯದು ಯಾವುದು ಎಂದು ಬೆರಳಿಗೆ ಗೊತ್ತಿತ್ತು. ತಲೆ ಎತ್ತಿ ಸಾಲುಗಳ ಮೇಲೆ ಕಣ್ಣಾಡಿಸಿದಳು. ತುದಿಯಲ್ಲಿ ಕೂತ ತಂಗಿಯ ಮೇಲೆ ಕಣ್ಣು ನಿಂತಿತು. ಬೈಂಡರಮ್ಮ ಕದಲಲಿಲ್ಲ, ನಗಲಿಲ್ಲ, ಕಣ್ಣು ತೆಗೆಯಲಿಲ್ಲ. ಈ ಸಲ ನೆಲ ನೋಡಿದರೆ ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ಅಕ್ಕ ಮುಡಿಯಿಂದ ಒಂದು ಪಿನ್ನು ಎಳೆದುಕೊಂಡಳು. ಅದರ ಕಾಲನ್ನು ಮಡಿಕೆಯ ಮೇಲ್ತುದಿಗೆ ತೂರಿಸಿ, ಕಾಗದ ಹರಿಯದ ಹಾಗೆ, ನಿಧಾನವಾಗಿ ಕೆಳಗೆ ಎಳೆಯತೊಡಗಿದಳು. ಅವಳ ಪಕ್ಕದಲ್ಲಿ ಮೈಕು ಹಿಡಿದು ಅಣ್ಣ ಬೆಕ್ಕಿನ ಕತೆ ಶುರುಮಾಡಿದ್ದ.